ಹದಿನೆಂಟು ಹೌದು

ಮಗು ಹುಟ್ಟಿದಾಗ ಒಂದು ಕೆಜಿ ಒಂಬೈನೂರು ಗ್ರಾಂ ಇತ್ತು. ಅಂಗಡಿಯ ಎರಡು ಕೆಜಿ ಸಕ್ಕರೆ ಪೊಟ್ಟಣ ಅದಕ್ಕಿಂತ ಭಾರ. ಹೆತ್ತವಳು ನನ್ನ ಮೊಮ್ಮಗಳು ಡೆಲ್ವೀನ್. ನಮ್ಮ ಕೇರಿಯಿಂದ ನಾನೂರು ಕಿಲೋಮೀಟರ್ ದೂರದ ಪಟ್ಟಣದ ಆಸ್ಪತ್ರೆಯಲ್ಲಿ ಹೆತ್ತಳು. ತಿಂಗಳು ತುಂಬಿರಲಿಲ್ಲ. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಮೂಗಿಗೆ ಕೊಳವೆ ಸಿಕ್ಕಿಸಿದ್ದರು. ಒಂದೊಂದು ಉಸಿರಿಗೂ ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಅದು ಉಸಿರಾಡುವುದನ್ನು ನೋಡುತ್ತ ಕೂತರೆ ನಮಗೇ ಸುಸ್ತಾಗುತ್ತಿತ್ತು.

ಎಂಟು ದಿನ ನಾನು ಅದರ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ನನಗೆ ಎಪ್ಪತ್ತನಾಲ್ಕೋ ಎಪ್ಪತ್ತೈದೋ. ಸರಕಾರದವರು ಜುಲೈ ಒಂದನೇ ತಾರೀಖು ಅಂತ ಬರೆದುಕೊಟ್ಟಿದ್ದಾರೆ. ಈ ಆಸ್ಟ್ರೇಲಿಯಾದಲ್ಲಿ ಬಿಳಿಯರಿಗಿಂತ ಮೊದಲಿನಿಂದ ಇರುವ ನಮ್ಮ ಕರಿ ಜನರಲ್ಲಿ ಹುಟ್ಟಿದ ದಿನ ಗೊತ್ತಿಲ್ಲದವರೆಲ್ಲ ಅದೇ ದಿನ ಹುಟ್ಟಿದ್ದೇವೆ.

ಒಂಬತ್ತನೇ ದಿನ ಬೆಳಿಗ್ಗೆ ಮಕ್ಕಳ ಇಲಾಖೆಯ ಮೆರೆಡಿತ್ ಬಂದಳು. ಕಂಕುಳಲ್ಲಿ ಫೈಲಿತ್ತು.

ಇಲಾಖೆ ಅಂದರೆ ಏನೆಂದು ನಮ್ಮಲ್ಲಿ ಐದು ವರ್ಷದ ಮಗುವಿಗೂ ಗೊತ್ತು. ಮಕ್ಕಳನ್ನು ಒಯ್ಯುವ ಅವರ ಬಿಳಿ ಗಾಡಿ ಕೇರಿಗೆ ಬಂದರೆ ಮಕ್ಕಳು ಪೊದೆಗೆ ಓಡುತ್ತವೆ. ಯಾರೂ ಹೇಳಿಕೊಟ್ಟದ್ದಲ್ಲ.

"ಎಫೀ, ಸ್ವಲ್ಪ ಮಾತಾಡಬೇಕಿತ್ತು," ಅಂದಳು. ನನ್ನ ಕಿರಿ ಮೊಮ್ಮಗಳ ವಯಸ್ಸಿರಬಹುದು ಅವಳಿಗೆ. ಎಫೀ ಅಂತಲೇ ಕರೆಯುತ್ತಾಳೆ. ಅವರಲ್ಲಿ ಹಾಗೆಯೇ.

ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋದಳು. ಮೇಜಿನ ಮೇಲೆ ಕಣ್ಣೊರೆಸಿಕೊಳ್ಳುವ ಕಾಗದದ ಡಬ್ಬಿ ಇತ್ತು. ಆ ಡಬ್ಬಿ ಇಟ್ಟ ಕೋಣೆಯಲ್ಲಿ ಒಳ್ಳೆ ಸುದ್ದಿ ಹೇಳಿದ್ದನ್ನು ನಾನು ಕಂಡಿಲ್ಲ. ಡೆಲ್ವೀನ್ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಕೂತಳು. ಅವಳಿಗೆ ಹತ್ತೊಂಬತ್ತು. ಅವಳ ಅವ್ವ ಹೋಗಿ ಹನ್ನೆರಡು ವರ್ಷ. ಸಾಕಿದವಳು ನಾನು. ಗ್ಲೆನಿಸ್ ಅನ್ನುವ ನರೆತಲೆಯ ನರ್ಸು ಬಾಗಿಲಿಗೆ ಒರಗಿ ನಿಂತಳು.

"ಮಗುವಿನ ಅಪ್ಪ ಬರಲಿಲ್ಲವಾ?" ಮೆರೆಡಿತ್ ಕೇಳಿದಳು.

"ಹೊರಗವ್ನೆ," ಅಂದೆ.

"ಎಂಟು ದಿನದಿಂದ ಕಾರು ನಿಲ್ಲಿಸೋ ಜಾಗದಲ್ಲೇ ಇದ್ದಾನಂತೆ. ಒಳಗೆ ಬರೋಕೆ ಮನಸ್ಸಿಲ್ಲ ಅನ್ನಿಸುತ್ತೆ." ಹಾಗೆಯೇ ಬರೆದುಕೊಂಡಳು.

ಮಗುವಿನ ಅಪ್ಪ ಕ್ಲಿಫ್ಟನ್ ನನ್ನ ಎದುರು ಬರುವಂತಿಲ್ಲ. ನಮ್ಮಲ್ಲಿ ಹೆಣ್ಣು ಕೊಟ್ಟ ಅತ್ತೆಯ ಮುಖ ಅಳಿಯ ನೋಡಬಾರದು, ಮಾತಾಡಬಾರದು. ಅವ್ವನಿಲ್ಲದ ಹುಡುಗಿಗೆ ಅವ್ವನ ಜಾಗದಲ್ಲಿರುವವಳು ನಾನು. ನಾನು ಊಟಕ್ಕೆ ಎದ್ದು ಹೋದರೆ ಅವನು ಒಳಗೆ ಬಂದು ಮಗುವಿನ ಹತ್ತಿರ ಕೂರುತ್ತಿದ್ದ. ಅದಕ್ಕೇ ದಿನಕ್ಕೆ ನಾಲ್ಕು ಸಲ ಹಸಿವು ಹಸಿವು ಅಂತ ಎದ್ದು ಹೋಗುತ್ತಿದ್ದೆ. ಅವನು ಹೊರಗೆ ಕೂತದ್ದು ಗೌರವಕ್ಕೆ. ಫೈಲಿನಲ್ಲಿ ಸೇರಿದ್ದು ಬೇರೆ.

"ಮಗು ಇಲ್ಲಿಂದ ಸೀದಾ ಪಟ್ಟಣದ ಒಂದು ಮನೆಗೆ ಹೋಗುತ್ತೆ," ಮೆರೆಡಿತ್ ಹೇಳಿದಳು. "ಸಾಕೋದಕ್ಕೆ. ಒಳ್ಳೆ ಜನ. ಸದ್ಯಕ್ಕೆ ಆರು ತಿಂಗಳು. ಆಮೇಲೆ ನೋಡೋಣ."

ಸದ್ಯಕ್ಕೆ. ನನ್ನ ಅಕ್ಕ ಚಿಕ್ಕವಳಿದ್ದಾಗ ಅವಳನ್ನೂ ಸದ್ಯಕ್ಕೆ ಅಂತಲೇ ಒಯ್ದದ್ದು. ನಲವತ್ತೊಂದು ವರ್ಷದ ಮೇಲೆ ತಿರುಗಿ ಬಂದಳು. ತಲೆ ಬೆಳ್ಳಗಾಗಿತ್ತು. ನಮ್ಮ ಮಾತಿನ ಒಂದು ಪದವೂ ಬಾಯಲ್ಲಿರಲಿಲ್ಲ. ಅವ್ವನನ್ನು ಮಣ್ಣು ಮಾಡಿದ ಜಾಗದಲ್ಲಿ ನಿಂತು ಇಂಗ್ಲಿಷಿನಲ್ಲಿ ಅತ್ತಳು.

"ಯಾಕೆ?" ಅಂದೆ.

"ಡೆಲ್ವೀನೇ ಒಪ್ಪಿಕೊಂಡಿದ್ದಾಳೆ ಎಫೀ. ಬಸಿರಿನುದ್ದಕ್ಕೂ ಸೇದಿದ್ದಾಳೆ. ದಿನಕ್ಕೆ ಇಪ್ಪತ್ತಕ್ಕಿಂತ ಹೆಚ್ಚು. ಮಗು ಬೇಗ ಹುಟ್ಟೋದು, ಇಷ್ಟು ಸಣ್ಣಗೆ ಹುಟ್ಟೋದು, ಶ್ವಾಸಕೋಶ ಬಲಿಯದೇ ಇರೋದು, ಎಲ್ಲಾ ಅದರಿಂದ ಆಗುತ್ತೆ. ಇಂಥ ಮಗು ಮತ್ತೆ ಹೊಗೆ ಇರೋ ಮನೆಗೆ ಹೋದರೆ ನಿದ್ದೆಯಲ್ಲೇ ಉಸಿರು ನಿಂತುಹೋಗಬಹುದು. ನಾನು ಹೆದರಿಸ್ತಿಲ್ಲ. ನಿಜ ಹೇಳ್ತಿದ್ದೀನಿ."

ನಿಜವೇ. ಅದು ಅವಳಿಗಿಂತ ನನಗೆ ಚೆನ್ನಾಗಿ ಗೊತ್ತು. ಸುಳ್ಳಾದದ್ದು ಡೆಲ್ವೀನ್ ಬಸಿರಿನುದ್ದಕ್ಕೂ ಸೇದಿದಳು ಅನ್ನುವ ಮಾತು.

ಡೆಲ್ವೀನ್ ನಾಲ್ಕನೇ ತಿಂಗಳಲ್ಲಿ ಬಿಟ್ಟಳು. ಕೇರಿಯ ಕ್ಲಿನಿಕ್ಕಿನಲ್ಲಿ ಮಗುವಿನ ಎದೆಬಡಿತ ಕೇಳಿಸಿದ ದಿನವೇ ಬಿಟ್ಟಳು. ಬಿಡುವುದು ಅಂದರೆ ಸೇದುವುದೊಂದನ್ನೇ ಬಿಡುವುದಲ್ಲ. ನಮ್ಮಲ್ಲಿ ಬೆಂಕಿಯ ಸುತ್ತ ಕೂತಾಗ ಒಂದೇ ಸಿಗರೇಟು ಕೈಯಿಂದ ಕೈಗೆ ಹೋಗುತ್ತದೆ. ಕೇಳಿದವರಿಗೆ ಕೊಡಲೇಬೇಕು. ಕೊಟ್ಟದ್ದನ್ನು ತೆಗೆದುಕೊಳ್ಳಲೇಬೇಕು. ಬೇಡ ಅಂದರೆ ಸಿಗರೇಟು ಬೇಡ ಅಂತಲ್ಲ, ನೀವು ಬೇಡ ಅಂತ. ಡೆಲ್ವೀನ್ ಬೇಡ ಅಂದಳು. ಎದ್ದು ಹೋಗಿ ನೀರಿನ ತೊಟ್ಟಿಯ ಹತ್ತಿರ ಒಬ್ಬಳೇ ಕೂತಳು.

"ಏನವ್ವ, ನಮ್ಮ ಎಂಜಲು ಈಗ ಆಗಲ್ವಾ ನಿಂಗೆ?" ಅಂದಳು ಅವಳ ಚಿಕ್ಕವ್ವ.

"ಅವಳ ಚಾಗೆ ಕಪ್ಪು ಸಾಸರು ತನ್ರಪ್ಪ, ಬಿಳಿ ದೊರೆಸಾನಿ ಬಂದು ಕುಂತವ್ಳೆ," ಅಂದ ನನ್ನ ಮೈದುನ ಬಾರ್ನಿ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ನನ್ನ ಬಾಯಲ್ಲಿ ಹೊಗೆಸೊಪ್ಪಿನ ಪೈಪು ಇತ್ತು.

ನಾಲ್ಕು ತಿಂಗಳು ಅವಳು ಆ ತೊಟ್ಟಿಯ ಹತ್ತಿರವೇ ಕೂತಳು. ಉಗುರು ಕಚ್ಚಿ ಕಚ್ಚಿ ರಕ್ತ ಬಂದಿತ್ತು. ಒಣ ಚಾಪುಡಿ ಅಗಿಯುತ್ತಿದ್ದಳು. ಒಂದು ದಮ್ಮೂ ಎಳೆಯಲಿಲ್ಲ. ನಾನು ಕಂಡಿದ್ದೇನೆ.

ಹಾಗಿದ್ದ ಮೇಲೆ ಯಾಕೆ ಒಪ್ಪಿಕೊಂಡಳು?

ಮೆರೆಡಿತಳ ಮುಂದೆ ಫೈಲು ತೆರೆದಿತ್ತು. ನನ್ನ ಕಡೆಗೆ ಅಕ್ಷರ ತಲೆಕೆಳಗು. ನಾನು ಓದು ಕಲಿತದ್ದು ಐವತ್ತೆರಡನೇ ವಯಸ್ಸಿನಲ್ಲಿ. ಕೇರಿಯ ಶಾಲೆಯಲ್ಲಿ ಮಕ್ಕಳೆಲ್ಲ ಹೋದಮೇಲೆ ವಾರಕ್ಕೆ ಎರಡು ಸಂಜೆ ಕಲಿಸುತ್ತಿದ್ದರು. ಪುಸ್ತಕ ಕಡಿಮೆ, ಮುದುಕಿಯರು ಹೆಚ್ಚು. ಮೇಜಿನ ಆಚೆ ಕಡೆ ಕೂತವರು ತಲೆಕೆಳಗಾಗಿಯೇ ಓದಬೇಕು. ನಾನು ಯಾವಾಗಲೂ ತಡವಾಗಿ ಹೋಗಿ ಆಚೆ ಕಡೆ ಕೂರುತ್ತಿದ್ದೆ. ಇವತ್ತಿಗೂ ನನಗೆ ನೆಟ್ಟಗಿನ ಅಕ್ಷರಕ್ಕಿಂತ ತಲೆಕೆಳಗಿನದು ಸಲೀಸು.

ಒಂದೊಂದೇ ಸಾಲು ಓದಿದೆ. ಮೆರೆಡಿತ್ ಮಾತಾಡುತ್ತಲೇ ಇದ್ದಳು. ಹದಿನೆಂಟು ಪ್ರಶ್ನೆ. ಒಂದು ಕಡೆ ಹೌದು, ಒಂದು ಕಡೆ ಇಲ್ಲ. ಹದಿನೆಂಟು ಗುರುತೂ ಹೌದಿನ ಕೆಳಗೆ. ಬೇಲಿಗೆ ಕಂಬ ನೆಟ್ಟ ಹಾಗೆ ಒಂದೇ ಸಾಲು. ಬಸಿರಿನಲ್ಲಿ ಸೇದಿದ್ದೀಯಾ, ಹೌದು. ಬಸಿರೆಂದು ತಿಳಿದ ಮೇಲೆ ಬಿಟ್ಟಿದ್ದೀಯಾ, ಹೌದು. ಮನೆಯಲ್ಲಿ ಹೊಡೆದಾಟ ಇದೆಯಾ, ಹೌದು. ಮನೆಯಲ್ಲಿ ನೆಮ್ಮದಿ ಇದೆಯಾ, ಹೌದು.

ಇನ್ನೊಮ್ಮೆ ಮೇಲಿನಿಂದ ಎಣಿಸಿದೆ.

ಕೈಯಲ್ಲಿ ಕಾಗದ ಹಿಡಿದ ಬಿಳಿಯರು ಏನು ಕೇಳಿದರೂ ನಮ್ಮವರು ಹೌದು ಅನ್ನುತ್ತೇವೆ. ಹೌದು ಅಂದರೆ ಅವರು ಬೇಗ ಹೋಗುತ್ತಾರೆ. ಇಲ್ಲ ಅಂದರೆ ಯಾಕಿಲ್ಲ ಅನ್ನುತ್ತಾರೆ. ಮಾಡದ ತಪ್ಪಿಗೆ ಹೌದು ಅಂದು ಜೈಲಿಗೆ ಹೋದ ಗಂಡಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಇದನ್ನು ಮಕ್ಕಳಿಗೆ ಕಲಿಸಿದವರೂ ನಾವೇ. ದನದ ಎಸ್ಟೇಟಿನಲ್ಲಿ ಧಣಿ ಬಂದು "ಮೇಕೆ ಬಿಟ್ಟವಳು ನೀನೇ ತಾನೇ" ಅಂದರೆ ನನ್ನವ್ವ ಹೌದು ಅನ್ನುತ್ತಿದ್ದಳು. ಒಂದು ಏಟಿಗೆ ಮುಗಿಯುತ್ತಿತ್ತು. ಇಲ್ಲ ಅಂದವರದು ಒಂದಕ್ಕೆ ಮುಗಿಯುತ್ತಿರಲಿಲ್ಲ.

"ಇವಳಿಗೆ ಇನ್ನೊಂದು ಪ್ರಶ್ನೆ ಕೇಳವ್ವ," ಅಂದೆ.

"ಏನು?" ಅಂದಳು ಮೆರೆಡಿತ್.

"ನಿಂಗೆ ಹನ್ನೊಂದು ಮಕ್ಕಳು ಅಲ್ವಾ ಅಂತ ಕೇಳು. ಫೈಲು ಮುಂದೆ ಇಟ್ಕೊಂಡು ಕೇಳು. ಪೆನ್ನೂ ಹಿಡ್ಕೊ."

"ಎಫೀ, ಇದು ತಮಾಷೆ ಮಾಡೋ ಹೊತ್ತಲ್ಲ."

"ನಂಗೂ ತಮಾಷೆ ಮಾಡೋ ಶಕ್ತಿ ಇಲ್ಲ ಮಗಾ. ಒಂದು ಸಲ ಕೇಳು."

ಮೆರೆಡಿತ್ ನರ್ಸಿನ ಮುಖ ನೋಡಿದಳು. ಆಮೇಲೆ ಪೆನ್ನು ಹಿಡಿದು, ಮೆಲುದನಿಯಲ್ಲಿ, ಅವರು ಯಾವಾಗಲೂ ಕೇಳುವ ದನಿಯಲ್ಲಿ ಕೇಳಿದಳು.

"ಡೆಲ್ವೀನ್, ನಿನಗೆ ಹನ್ನೊಂದು ಮಕ್ಕಳು, ಅಲ್ವಾ?"

ಡೆಲ್ವೀನ್ ನೆಲ ನೋಡುತ್ತಿದ್ದಳು. "ಹ್ಞೂಂ," ಅಂದಳು.

ನಾನು ಮೆರೆಡಿತಳ ಕಡೆ ತಿರುಗಿದೆ.

"ಇನ್ನೊಂದು. ನಿಮ್ಮಜ್ಜಿ ಹೋದ ವರ್ಷ ಸತ್ತುಹೋದಳು ಅಲ್ವಾ ಅಂತ ಕೇಳು."

"ಬೇಡ," ಅಂದಳು ಗ್ಲೆನಿಸ್ ಬಾಗಿಲ ಹತ್ತಿರದಿಂದ. "ಸಾಕು ಬಿಡಿ."

ಮೆರೆಡಿತಳ ಕುತ್ತಿಗೆ ಕೆಂಪಾಯಿತು. ಆದರೆ ಅವಳು ದಡ್ಡಿಯಲ್ಲ. ಕಾಗದ ಮಗುಚಿ ಹಾಕಿ ಇನ್ನೊಂದು ಹಾಳೆ ತೆಗೆದಳು.

"ಸರಿ. ಆ ಉತ್ತರ ಬಿಟ್ಟುಬಿಡೋಣ. ಮೂತ್ರ ಪರೀಕ್ಷೆ ಮಾಡಿದ್ದಾರೆ. ಅವಳಲ್ಲೂ ಇದೆ, ಮಗುವಿನಲ್ಲೂ ಇದೆ. ಹೊಗೆಸೊಪ್ಪಿನ ಅಂಶ. ಪರೀಕ್ಷೆ ಯಾರಿಗೂ ಹೆದರಿ ಹೌದು ಅನ್ನಲ್ಲ ಎಫೀ."

"ಸೇದೋರಲ್ಲಿ ಇರೋವಷ್ಟು ಇಲ್ಲ," ಅಂದಳು ಗ್ಲೆನಿಸ್. "ಬೇರೆಯವರ ಹೊಗೆ ದಿನಾ ಒಳಗೆ ಹೋದರೂ ಅಷ್ಟು ಬರುತ್ತೆ."

"ಯಾರ ಹೊಗೆ?" ಅಂದಳು ಮೆರೆಡಿತ್.

ನಮ್ಮ ಮನೆಗೆ ಮೂರು ಕೋಣೆ. ಹದಿನಾಲ್ಕು ಜನ. ನನ್ನ ಕೋಣೆಯ ಕಿಟಕಿ ಒಡೆದು ಐದು ವರ್ಷ. ರಿಪೇರಿಗೆ ಮೂರು ಸಲ ಬರೆದುಕೊಟ್ಟೆವು. ಯಾರೂ ಬರಲಿಲ್ಲ. ಚಳಿ ತಡೆಯದೆ ಹಲಗೆ ಬಡಿದುಬಿಟ್ಟೆವು. ಗಾಳಿ ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಡೆಲ್ವೀನ್ ನನ್ನ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದಳು. ನಾನು ಬೆಳಗಾಗೆದ್ದು ಮೊದಲು ಮಾಡುವ ಕೆಲಸ ಪೈಪಿಗೆ ಬೆಂಕಿ ಹಚ್ಚುವುದು. ಹಾಸಿಗೆಯಲ್ಲೇ. ಅವಳು ಆ ಕಡೆ ಹೊರಳಿ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳು. ಒಂದು ದಿನವೂ ಅಜ್ಜಿ ಹೊರಗೆ ಸೇದು ಅನ್ನಲಿಲ್ಲ. ದೊಡ್ಡವರಿಗೆ ಹಾಗೆ ಹೇಳುವಂತಿಲ್ಲ.

"ನಂದು," ಅಂದೆ.

ಡೆಲ್ವೀನ್ ತಲೆ ಎತ್ತಿದಳು.

"ನಂದು ಅಂತ ಬರಕೋ ಮೆರೆಡಿತ್. ಬರೆದಾದ ಮೇಲೆ ಪೆನ್ನು ಕೆಳಗಿಡಬ್ಯಾಡ. ಇನ್ನೂ ಐತೆ."

ಹೇಳಿದೆ. ಹತ್ತನೇ ವರ್ಷಕ್ಕೆ ಧಣಿಯ ಮನೆಯಲ್ಲಿ ನೀರು ಹೊರುವ ಕೆಲಸ. ಹೆಗಲ ಮೇಲೆ ಕೋಲು, ಕೋಲಿಗೆ ಎರಡು ಡಬ್ಬ. ಹಳ್ಳದಿಂದ ಮನೆಗೆ ದಿನಕ್ಕೆ ಇಪ್ಪತ್ತು ಸಲ. ಹೆಗಲ ಚರ್ಮ ಕಿತ್ತು ಮತ್ತೆ ಬಂದು ಮತ್ತೆ ಕಿತ್ತು ಎಮ್ಮೆ ಚರ್ಮವಾಗಿತ್ತು. ಆಮೇಲೆ ಹಾಸು ಹೊದಿಕೆ ಕುದಿಸುವ ಕೆಲಸ. ಸಂಬಳ ಅಂತ ಇರಲಿಲ್ಲ. ಭಾನುವಾರ ಅಡುಗೆಮನೆಯ ಹಿಂಬಾಗಿಲಲ್ಲಿ ಸಾಲು ನಿಲ್ಲಬೇಕು. ಹಿಟ್ಟು, ಸಕ್ಕರೆ, ಚಾಪುಡಿ, ದನದ ಮೂಳೆ, ಒಂದು ತುಂಡು ಕರಿ ಹೊಗೆಸೊಪ್ಪು. ಹಿಟ್ಟು ಬುಧವಾರಕ್ಕೆ ಮುಗಿಯುತ್ತಿತ್ತು. ಹೊಗೆಸೊಪ್ಪು ಶನಿವಾರದವರೆಗೂ ಬರುತ್ತಿತ್ತು. ಮೂರು ದಿನ ಅದೇ ಊಟ. ಅದು ಹಸಿವನ್ನು ಸಾಯಿಸುತ್ತದೆ. ಧಣಿಗೆ ಅದು ಗೊತ್ತಿತ್ತು. ಅದಕ್ಕೇ ಕೊಡುತ್ತಿದ್ದ.

ಹದಿನಾರಕ್ಕೆ ಬಸಿರಾದೆ. ಡಬ್ಬ ಇಳಿಸಿ ಹೊಟ್ಟೆ ಹಿಡಿದುಕೊಂಡು ನಿಂತರೆ ಧಣಿಯ ಹೆಂಡತಿ ತಾನೇ ಕರೆದು ಒಂದು ಚೂರು ಹೊಗೆಸೊಪ್ಪು ಕೈಗೆ ಹಾಕುತ್ತಿದ್ದಳು. "ಒಂದು ದಮ್ಮು ಎಳೆದುಕೋ, ಶಕ್ತಿ ಬರುತ್ತೆ" ಅನ್ನುತ್ತಿದ್ದಳು. ಆ ವರ್ಷ ಅವಳೂ ಬಸಿರಿ. ಅವಳನ್ನು ನೋಡುವುದಕ್ಕೆ ವಿಮಾನದಲ್ಲಿ ಡಾಕ್ಟರು ಬರುತ್ತಿದ್ದ. ಅವನ ಕೈ ತೊಳೆಯುವ ನೀರನ್ನು ಹೊತ್ತವಳು ನಾನು.

ನನ್ನ ಮಗು ಎರಡು ಅಂಗೈಯಲ್ಲಿ ಹಿಡಿಸುತ್ತಿತ್ತು. ಹತ್ತೊಂಬತ್ತು ದಿನ ಇತ್ತು. ಒಂದು ಬೆಳಿಗ್ಗೆ ಎಚ್ಚರಾದಾಗ ಎದೆಯ ಹತ್ತಿರ ತಣ್ಣಗಿತ್ತು. ಹೆಸರು ಹೇಳುವುದಿಲ್ಲ. ಸತ್ತವರ ಹೆಸರು ನಾವು ಎತ್ತುವುದಿಲ್ಲ. "ನಿದ್ದೆಯಲ್ಲಿ ನೀನು ಅದರ ಮೇಲೆ ಹೊರಳಿದ್ದೀಯ, ಅಲ್ವಾ" ಅಂತ ಧಣಿಯ ಹೆಂಡತಿ ಕೇಳಿದಳು. ಹೌದು ಅಂದೆ. ಆ ಭಾನುವಾರ ಧಣಿ ಎರಡು ತುಂಡು ಹೆಚ್ಚಿಗೆ ಕೊಟ್ಟ. ತೆಗೆದುಕೊಂಡೆ. ಸೇದಿದೆ.

ಮೂವತ್ತೇಳು ವರ್ಷ ನಾನೇ ಹೊರಳಿ ಕೊಂದೆ ಅಂದುಕೊಂಡಿದ್ದೆ. ಓದು ಕಲಿತ ಮಾರನೇ ವರ್ಷ ಅಂಗಡಿಯಲ್ಲಿ ಹೊಗೆಸೊಪ್ಪಿನ ಪೊಟ್ಟಣ ಕೊಂಡೆ. ಅದರ ಮೇಲೆ ಒಂದು ಸಾಲು ಇತ್ತು. ಯಾರನ್ನೂ ಕೇಳದೆ ನಾನೊಬ್ಬಳೇ ಓದಿದ ಮೊದಲನೇ ಸಾಲು ಅದು. ಬಸಿರಿನಲ್ಲಿ ಸೇದಿದರೆ ಮಗುವಿಗೆ ಕೇಡು ಅಂತ ಬರೆದಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎಷ್ಟೋ ಹೊತ್ತಾದ ಮೇಲೆ ಪೊಟ್ಟಣ ಒಡೆದು ಪೈಪು ತುಂಬಿಕೊಂಡೆ. ಅದನ್ನೂ ಹೇಳಿದೆ. ಅಂಥ ಹೊತ್ತಿನಲ್ಲಿ ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ.

"ಕೊಟ್ಟೋರು ನಿಮ್ಮೋರು," ಅಂದೆ. "ಸೇದಿದೋಳು ನಾನು. ಇಡೀ ಮನೇಲಿ ಬಿಟ್ಟೋಳು ಇವಳೊಬ್ಬಳೇ. ನೀವು ಕಿತ್ಕಳೋದು ಇವಳ ಕೈಯಿಂದ."

ಮೆರೆಡಿತ್ ಬರೆದು ಮುಗಿಸಿದಳು. ಆಮೇಲೆ ಒಪ್ಪಿಗೆಯ ಹಾಳೆಯನ್ನು ನನ್ನ ಕಡೆ ತಳ್ಳಿದಳು. "ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ ಎಫೀ. ಆದರೂ ಮನೆ ಇರೋ ಸ್ಥಿತಿ ನೀವೇ ಹೇಳಿದಿರಿ. ಹಿರಿಯರಾಗಿ ನೀವು ಇಲ್ಲಿ ಸಹಿ ಹಾಕಿಬಿಟ್ಟರೆ ಎಲ್ಲರಿಗೂ ಸುಲಭ."

ಸಹಿ ಮಾಡುವುದನ್ನು ಕಲಿಯಲು ನನಗೆ ಮೂರು ತಿಂಗಳು ಹಿಡಿದಿತ್ತು. ಮಾಡದೇ ಇರುವುದು ಅದಕ್ಕಿಂತ ಕಷ್ಟ. ಕೈ ತಾನಾಗಿ ಪೆನ್ನಿನ ಕಡೆ ಹೋಯಿತು. ಬೇಗ ಮುಗಿಯಲಿ ಅಂತ. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತೆ.

"ಇಲ್ಲ," ಅಂದೆ.

"ಎಫೀ..."

"ಇಲ್ಲ. ಮನೆಯ ಹೊಗೆ ತೆಗೀತೀನಿ. ಮಗು ಇವಳ ಹತ್ರ ಇರ್ತದೆ. ನೀನು ಬೇಕಾದಾಗ ಬಂದು ಮೂಸಿ ನೋಡು."

ಗ್ಲೆನಿಸ್ ಒಳಗೆ ಬಂದು ಡೆಲ್ವೀನ್ ಎದುರು ನೆಲದ ಮೇಲೆ ಕೂತಳು. "ನನಗೆ ಹೌದು ಇಲ್ಲ ಬೇಡ," ಅಂದಳು. "ನೀನು ಹೇಗೆ ಬಿಟ್ಟೆ, ಅದನ್ನು ಹೇಳು." ಗ್ಲೆನಿಸ್ ಅವಸರ ಮಾಡಲಿಲ್ಲ. ಹೊರಗೆ ಊಟದ ಗಾಡಿ ಹೋಯಿತು, ತಿರುಗಿ ಬಂತು. ಆಮೇಲೆ ಡೆಲ್ವೀನ್ ನೀರಿನ ತೊಟ್ಟಿಯಿಂದ ಶುರು ಮಾಡಿದಳು. ಅವಳು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನೂ ಕೇಳಿರಲಿಲ್ಲ. ಅದರಲ್ಲಿ ನನ್ನ ನಗುವೂ ಇತ್ತು.

ಮೆರೆಡಿತ್ ಮೇಲಿನವರಿಗೆ ಫೋನು ಮಾಡಿದಳು. ಎರಡು ದಿನ ಬಿಟ್ಟು ಉತ್ತರ ಬಂತು. ಮಗು ಮನೆಗೆ ಹೋಗಬಹುದು. ಪ್ರತಿ ಗುರುವಾರ ಅವಳು ಬರುತ್ತಾಳೆ. ಒಂದೇ ಒಂದು ಸಲ ಮನೆಯೊಳಗೆ ಹೊಗೆ ವಾಸನೆ ಬಂದರೂ ಮಗು ಅವಳ ಗಾಡಿಯಲ್ಲಿ ಪಟ್ಟಣಕ್ಕೆ. ಇನ್ನು ಮಾತಿಲ್ಲ.

ಐದನೇ ವಾರ ಮಗುವನ್ನು ಕರೆದುಕೊಂಡು ಬಂದೆವು. ಜುಲೈ, ನಮ್ಮಲ್ಲಿ ಚಳಿಗಾಲ. ಬೆಳಿಗ್ಗೆ ನೆಲದ ಮೇಲೆ ಬಿಳಿ ಹಿಮ ಕೂರುವ ಚಳಿ. ಕ್ಲಿಫ್ಟನ್ ನಾನಿಲ್ಲದ ಹೊತ್ತು ನೋಡಿ ಕಿಟಕಿಯ ಹಲಗೆ ಕಿತ್ತು ದಪ್ಪ ಪ್ಲಾಸ್ಟಿಕ್ಕು ಬಡಿದ. ಮೇಲೆ ಒಂದು ಗೇಣು ಬಿಟ್ಟಿದ್ದ. ನಾನು ಹಾಸಿಗೆ, ಹೊದಿಕೆ, ಬಟ್ಟೆ ಎಲ್ಲ ಕುದಿಸಿದೆ. ಗೋಡೆ ತಿಕ್ಕಿದೆ. ಹಳದಿ ನೀರು ಇಳಿಯಿತು. ಅದು ನನ್ನದೇ. ಪೈಪನ್ನು ಒಲೆಗೆ ಹಾಕಿದೆ. ಮೂರನೇ ದಿನಕ್ಕೆ ಹಲ್ಲಿನ ಬುಡವೆಲ್ಲ ನೋಯತೊಡಗಿತು. ಬಾಗಿಲ ಚೌಕಟ್ಟು ಕಂಡರೂ ಸಿಟ್ಟು ಬರುತ್ತಿತ್ತು. ಚಾಪುಡಿ ಅಗಿದೆ. ಅದರಿಂದ ಏನೂ ಆಗುವುದಿಲ್ಲ. ಡೆಲ್ವೀನ್ ನಾಲ್ಕು ತಿಂಗಳು ಅದನ್ನು ಹೇಗೆ ಅಗಿದಳೋ.

ಬೆಂಕಿಯನ್ನು ಬೇಲಿಯಾಚೆ ಹಾಕಿ ಅಂದೆ. ಸೇದಿದವರು ಅಂಗಿ ಬಿಚ್ಚಿ, ಅಂಗಳದ ನಲ್ಲಿಯಲ್ಲಿ ಮೈ ತೊಳೆದು, ಅರ್ಧ ಗಂಟೆ ಹೊರಗೆ ನಿಂತು ಒಳಗೆ ಬನ್ನಿ ಅಂದೆ. ಹೆಂಗಸರಿಗೆ ಬೇರೆ ಬಟ್ಟೆ ಬಾಗಿಲಲ್ಲೇ ಇಟ್ಟಿದ್ದೆ. ಎರಡು ದಿನ ನನ್ನ ಮಾತು ಕೇಳಿದರು. ಆಮೇಲೆ ಒಬ್ಬೊಬ್ಬರೇ ಹಾಸಿಗೆ ಸುತ್ತಿಕೊಂಡು ಬೇರೆ ಮನೆಗೆ ಹೋದರು. ಡೆಲ್ವೀನಳ ಚಿಕ್ಕವ್ವ ಹೋಗುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹದಿನಾಲ್ಕು ಜನರ ಮನೆಯಲ್ಲಿ ಆರು ಜನ ಉಳಿದೆವು. ಕಾಂಗರೂ ಬಾಲ ಸುಟ್ಟರೆ ಕಳಿಸುತ್ತಿದ್ದ ಮನೆಗಳು ಕಳಿಸುವುದನ್ನು ಬಿಟ್ಟವು. ದಿನವಿಡೀ ನಾನು ಬಾಗಿಲಲ್ಲೇ ಕೂತಿರುತ್ತಿದ್ದೆ. ಬಾಗಿಲು ಕಾಯುವುದು ನೀರು ಹೊರುವುದಕ್ಕಿಂತ ಭಾರ.

ಮೂರನೇ ಗುರುವಾರ ಬೆಳಿಗ್ಗೆ ಬಾರ್ನಿ ಬಂದ. ನನ್ನ ಗಂಡನ ತಮ್ಮ. ಎಪ್ಪತ್ತು ದಾಟಿದೆ. ಐವತ್ತು ವರ್ಷ ಕುದುರೆ ಮೇಲೆ ಕೂತು ದನ ಕಾಯ್ದು ಕಾಲು ಬಿಲ್ಲಿನ ಹಾಗೆ ಬಾಗಿವೆ. ಮಗುವನ್ನು ಅವನು ಇನ್ನೂ ನೋಡಿರಲಿಲ್ಲ.

"ಜರಗು ಅತ್ತಿಗೆ. ಕೂಸು ನೋಡ್ಬೇಕು."

"ಸೇದಿ ಎಷ್ಟೊತ್ತಾಯ್ತು?"

"ಈಗಷ್ಟೇ. ಯಾಕೆ, ನಿಂಗೂ ಒಂದು ಬೇಕಿತ್ತಾ?"

ಬೇಕಿತ್ತು. ಅವನ ಅಂಗಿಯಿಂದ ವಾಸನೆ ಬಂದು ನನ್ನ ಬಾಯಲ್ಲಿ ನೀರೂರಿತು.

"ಅಂಗಿ ಬಿಚ್ಚು. ನಲ್ಲೀಲಿ ಮೈ ತೊಳ್ಕೊ. ಬಾಯಿ ಮುಕ್ಕಳಿಸು. ಅರ್ಧ ಗಂಟೆ ಬಿಸಿಲಲ್ಲಿ ನಿಂತು ಬಾ."

"ಈ ಚಳೀಲಿ? ಬಕೀಟಿನ ನೀರು ಗಟ್ಟಿಯಾಗೈತೆ ನೋಡು. ಮುದುಕನ್ನ ಸಾಯಿಸ್ಬೇಕು ಅಂತಿದ್ರೆ ಸೀದಾ ಹೇಳು, ನಾನೇ ಗುಂಡಿ ತೋಡ್ಕತೀನಿ."

"ತೋಡೋಕೂ ಅಂಗಿ ಬಿಚ್ಚಬೇಕಾಗ್ತದೆ. ಬಿಚ್ಚು."

ನಕ್ಕ. ನಾನು ಜರಗಲಿಲ್ಲ. ಅವನ ನಗು ಮೆಲ್ಲಗೆ ಇಳಿದುಹೋಯಿತು.

"ಧಣಿ ಅಡುಗೆಮನೆ ಬಾಗಿಲಲ್ಲಿ ಹಿಂಗೇ ನಿಂತಿರ್ತಿದ್ದ," ಅಂದ. "ಕಾಲು ಅಗಲಿಸ್ಕೊಂಡು. ಸೊಂಟದ ಮ್ಯಾಲೆ ಕೈ ಇಟ್ಕೊಂಡು. ನಿಂಗೆ ಚೆನ್ನಾಗಿ ಒಪ್ತದೆ ಅತ್ತಿಗೆ."

ನನ್ನ ಕೈ ನೋಡಿಕೊಂಡೆ. ಸೊಂಟದ ಮೇಲೇ ಇದ್ದವು. ಕೆಳಗಿಳಿಸಿದೆ. ನನ್ನ ಗಂಡನ ತಮ್ಮ. ಅದೇ ಹಿಂಬಾಗಿಲಲ್ಲಿ ನನ್ನ ಹಿಂದೆ ಸಾಲು ನಿಂತವನು. ಅವನಿಗೆ ನಾನು ಈ ಜನ್ಮದಲ್ಲಿ ಏನನ್ನೂ ಇಲ್ಲ ಅಂದಿರಲಿಲ್ಲ.

"ಅದರ ಉಸಿರು ಇನ್ನೂ ತೊಡರ್ತದೆ ಬಾರ್ನಿ," ಅಂದೆ. "ನಂಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತು."

ಅವನು ನೆಲಕ್ಕೆ ಉಗಿದ. ತಿರುಗಿ ಹೊರಟ. ಬೇಲಿಯವರೆಗೆ ಹೋದ. ಹೋದ ಅಂದುಕೊಂಡೆ. ಅಲ್ಲಿಂದ ನಲ್ಲಿಯ ಕಡೆ ತಿರುಗಿದ. ಹಗ್ಗಕ್ಕೆ ಸಿಕ್ಕಿ ಮುರಿದು ಸೊಟ್ಟಗೆ ಕೂಡಿದ ಬೆರಳು ಅವನವು. ನಾಲ್ಕು ಗುಂಡಿ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅಂಗಿ ಬೇಲಿಗೆ ಹಾಕಿ ನಲ್ಲಿಯ ಕೆಳಗೆ ಬಗ್ಗಿದ. ಬೆನ್ನಿನ ಮೂಳೆ ಒಂದೊಂದೂ ಕಾಣುತ್ತಿತ್ತು. ನೀರನ್ನು ಬೈದ. ನನ್ನನ್ನು ಬೈದ. ನಲ್ಲಿ ಕಂಡುಹಿಡಿದವನನ್ನು ಬೈದ. ಆಮೇಲೆ ಬಿಸಿಲಿನಲ್ಲಿ ಕೈ ಕಟ್ಟಿಕೊಂಡು ಹಲ್ಲು ಕಡಿಯುತ್ತ ನಿಂತ. ಅರ್ಧ ಗಂಟೆ ನಿಂತ. ನಾನೂ ಎದುರಿಗೆ ನಿಂತೇ ಇದ್ದೆ. ಕೂರಲು ನಾಚಿಕೆಯಾಯಿತು.

ಜರಗಿ ದಾರಿ ಬಿಟ್ಟೆ.

ಅವನು ಕುರ್ಚಿಯಲ್ಲಿ ಕೂತ. ಡೆಲ್ವೀನ್ ಒಗೆದ ಹೊದಿಕೆ ಅವನ ಬೆನ್ನಿಗೆ ಹೊದಿಸಿ ಮಗುವನ್ನು ಅವನ ಬರಿಮೈ ಎದೆಯ ಮೇಲೆ ಇಟ್ಟಳು. ಈಗ ಎರಡು ಕೆಜಿ ಎಂಟುನೂರು ಗ್ರಾಂ ಆಗಿತ್ತು. ಅವನಿಗೆ ಇನ್ನೂ ನಡುಕ ನಿಂತಿರಲಿಲ್ಲ. ತೋಳು ಮಾತ್ರ ಅಲ್ಲಾಡದ ಹಾಗೆ ಬಿಗಿಹಿಡಿದಿದ್ದ.

"ದೊರೆಸಾನಿಯವರು ಚಾ ಕೊಡ್ತಾರೋ ಇಲ್ವೋ," ಅಂದ ಡೆಲ್ವೀನಳಿಗೆ, ಮಗುವಿನ ತಲೆಯಿಂದ ಕಣ್ಣು ತೆಗೆಯದೆ.

"ಕಪ್ಪು ಸಾಸರು ಇಲ್ಲ ತಾತ. ಡಬ್ಬದಲ್ಲಿ ಕುಡೀತೀಯಾ?" ಅಂದಳು.

ಆಗ ಬಿಳಿ ಗಾಡಿ ಬಂತು. ಕೇರಿಯ ಮಕ್ಕಳು ಪೊದೆಗೆ ಓಡಿದವು. ಮೆರೆಡಿತ್ ಫೈಲು ಹಿಡಿದುಕೊಂಡು ಅಂಗಳ ದಾಟಿ ಬಂದಳು. ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ ನೋಡಿದಳು.

"ಆ ಮನುಷ್ಯ ಯಾಕೆ ಅಂಗಿ ಹಾಕಿಲ್ಲ?" ಪೆನ್ನು ಆಗಲೇ ಕೈಗೆ ಬಂದಿತ್ತು.

ಅವಳ ಕಡೆಯಿಂದ ವಾಸನೆ ನನ್ನ ಮೂಗಿಗೆ ಬಡಿದಿತ್ತು. ಪೈಪು ಬಿಟ್ಟು ಮೂರು ವಾರವಾದರೆ ಇಪ್ಪತ್ತು ಹೆಜ್ಜೆ ದೂರದಿಂದಲೇ ಗೊತ್ತಾಗುತ್ತದೆ.

"ಗಾಡೀಲಿ ಸೇದಿದ್ಯಾ?" ಅಂದೆ.

ಅವಳ ಕುತ್ತಿಗೆ ಮತ್ತೆ ಕೆಂಪಾಯಿತು. "ಒಂದೇ ಒಂದು. ನಾನೂರು ಕಿಲೋಮೀಟರ್ ಎಫೀ. ಕಿಟಕಿ ತೆಗೆದಿದ್ದೆ."

"ಕೋಟು ಬೇಲಿಗೆ ಹಾಕು. ಕೈ, ಮುಖ, ಬಾಯಿ ತೊಳ್ಕೊ. ಅರ್ಧ ಗಂಟೆ ಬಿಸಿಲಲ್ಲಿ ನಿಂತ್ಕೊ."

"ನಾನು ಕೆಲಸದ ಮೇಲೆ ಬಂದಿದ್ದೀನಿ. ಎರಡು ನಿಮಿಷ ನೋಡಿ ಹೋಗ್ತೀನಿ." ನನ್ನನ್ನು ದಾಟಿ ಒಳಗೆ ನೋಡಿ, ಅದೇ ಮೆಲುದನಿಯಲ್ಲಿ ಕೇಳಿದಳು. "ಡೆಲ್ವೀನ್, ನಾನು ಒಳಗೆ ಬರಬಹುದು, ಅಲ್ವಾ?"

ಡೆಲ್ವೀನ್ ನೆಲ ನೋಡಿದಳು. ನನಗೆ ಅವಳ ಪರವಾಗಿ ಹೇಳಿಬಿಡಬೇಕು ಅನ್ನಿಸಿತು. ತುಟಿ ಕಚ್ಚಿ ಹಿಡಿದೆ. ಬಾರ್ನಿಯೂ ತಲೆ ಎತ್ತಿದ.

"ತೊಳ್ಕೊಂಡು," ಅಂದಳು ಡೆಲ್ವೀನ್.

ಮೆರೆಡಿತ್ ಪೆನ್ನನ್ನು ಜೇಬಿಗೆ ಹಾಕಿದಳು. ಆಮೇಲೆ ಕೋಟು ಬಿಚ್ಚಿ ಬೇಲಿಗೆ, ಬಾರ್ನಿಯ ಅಂಗಿಯ ಪಕ್ಕಕ್ಕೆ ಹಾಕಿದಳು. ನಲ್ಲಿಯ ಹತ್ತಿರ ಹೋದಳು. ಒಂದು ಕೈಯಲ್ಲಿ ಫೈಲಿತ್ತು. ಇಡಲು ಜಾಗ ಹುಡುಕಿದಳು. ಸುತ್ತ ಎಲ್ಲ ಕೆಸರು.

ನಾನು ಹತ್ತಿರ ಹೋಗಿ ಕೈ ಚಾಚಿದೆ.

"ಇಲ್ಲಿ ಕೊಡು," ಅಂದೆ. "ನೀನು ತೊಳ್ಕೊಳ್ಳೋ ತನಕ ನಾನು ಹಿಡ್ಕೊಂಡಿರ್ತೀನಿ."